ಎಡಗಡೆಯ ಹೊಲಿಗೆ

ನಗೋರು ಈಗಲೇ ನಕ್ಕು ಮುಗಿಸಿಬಿಡಿ. ಮಧ್ಯದಲ್ಲಿ ನಕ್ಕರೆ ನಾನು ಎದ್ದು ಹೋಗ್ತೀನಿ, ಆಮೇಲೆ ಹೇಳಲಿಲ್ಲ ಅನ್ನಬೇಡಿ. ಇದು ಯಾರೋ ಎಲ್ಲೋ ಕೇಳಿ ಬಂದದ್ದಲ್ಲ. ನಮ್ಮ ದೊಡ್ಡಮ್ಮನ ಮಗಳು ಹರ್ಷಿಣಿಗೇ ಆದದ್ದು. ಚೆನ್ನೈನಲ್ಲಿ... ಪೆರಂಬೂರಲ್ಲಿ... ಹೋದ ವರ್ಷ.

ಅವತ್ತು ಆಫೀಸಲ್ಲಿ ನಾಟಕದ ಪ್ರಾಕ್ಟೀಸ್ ಮುಗಿಯೋ ಹೊತ್ತಿಗೇ ತಡವಾಗಿತ್ತು. ನುಂಗಂಬಾಕ್ಕಂನಲ್ಲಿ ರೈಲು ಹತ್ತಿ, ಪಾರ್ಕ್ ಸ್ಟೇಷನ್ನಲ್ಲಿ ಇಳಿದು, ರಸ್ತೆ ದಾಟಿ, ಸೆಂಟ್ರಲ್ ಕಡೆಯಿಂದ ಇನ್ನೊಂದು ರೈಲು ಹಿಡಿದು ಪೆರಂಬೂರಿಗೆ ಬರೋ ಹೊತ್ತಿಗೆ ಬೀದಿಗೆ ಬೀದಿಯೇ ಮಲಗಿಬಿಟ್ಟಿತ್ತು. ಕಂಕುಳಲ್ಲಿ ದೊಡ್ಡದೊಂದು ಬಟ್ಟೆ ಗಂಟು. ಗಾಢ ಹಸಿರು ಬಣ್ಣದ ದಪ್ಪ ಮಖಮಲ್ಲು. ಪರದೆಗೆ ಅಂತ ಮಾರೋ ಬಟ್ಟೆ ಅದು. ಮಧ್ಯಾಹ್ನ ಊಟ ಬಿಟ್ಟು ಸೌಕಾರ್‌ಪೇಟೆಗೆ ಓಡಿಹೋಗಿ ತಂದದ್ದು.

ಅವಳು ಬಾಡಿಗೆಗಿದ್ದದ್ದು ಒಂದು ಹಳೇ ಮನೆಯ ಮಹಡಿಯಲ್ಲಿ. ಮೆಟ್ಟಿಲು ಹಿತ್ತಲ ಕಡೆ. ಮೆಟ್ಟಿಲಿಗೆ ಹೋಗಬೇಕಾದ್ರೆ ಬಾವಿ ದಾಟಲೇಬೇಕು. ಬಾವಿಗೆ ಕಬ್ಬಿಣದ ಜಾಲರಿ ಹಾಕಿ ಬೀಗ ಜಡಿದು ಎಷ್ಟೋ ವರ್ಷ ಆಗಿತ್ತು. ನೀರೆತ್ತೋಕೆ ಮೋಟಾರು. ರಾಟೆ ಇಲ್ಲ, ಹಗ್ಗ ಇಲ್ಲ, ಬಿಂದಿಗೆ ಇಲ್ಲ.

ಹರ್ಷಿಣಿ ಚಪ್ಪಲಿ ಬಿಚ್ಚಿ ಕೈಲಿ ಹಿಡ್ಕೊಂಡ್ಲು. ಕೆಳಗಿನ ಮನೇಲಿ ಒಡತಿ ಜಯಲಕ್ಷ್ಮೀ ಮಾಮಿ ಮಲಗಿರ್ತಾರೆ, ಎದ್ದರೆ ನೂರೆಂಟು ಪ್ರಶ್ನೆ. ಮೆತ್ತಗೆ ನಡೀತಾ ಬಾವಿ ಹತ್ರ ಬಂದ್ಲು.

ಕಿರ್ರ್... ಕಿರ್ರ್... ಕಿರ್ರ್...

ರಾಟೆ ತಿರುಗೋ ಸದ್ದು. ಎಣ್ಣೆ ಕಾಣದ ಮರದ ರಾಟೆ, ತುಂಬಿದ ಬಿಂದಿಗೆ ಮೇಲಕ್ಕೆ ಬರೋವಾಗ ಮಾಡೋ ಸದ್ದು. ನಿಂತ್ಲು. ಸದ್ದೂ ನಿಂತಿತು. ಆಮೇಲೆ ಕಲ್ಲಿನ ಮೇಲೆ ದಬದಬ ಅಂತ ನೀರು ಬಿತ್ತು... ಯಾರೋ ತಲೆ ಮೇಲೆ ಸುರ್ಕೊಂಡ ಹಾಗೆ. ಬಗ್ಗಿ ನೋಡಿದ್ರೆ ಬಾವಿ ಕಟ್ಟೆ ಒಣಗಿ ಬಿಳುಚಿಕೊಂಡಿದೆ. ಜಾಲರಿ ಬೀಗ ಹಾಕಿದ ಹಾಗೇ ಇದೆ.

"ಯಾರದು?" ಪಿಸುಮಾತಲ್ಲೇ ಕೇಳಿದ್ಲು.



ನಾವಾಗಿದ್ರೆ ಮೆಟ್ಟಿಲು ಹತ್ತೋಕೆ ಕಾಲೇ ಬರ್ತಿರಲಿಲ್ಲ. ಇವಳು ಗಂಟನ್ನ ಇನ್ನೊಂದು ಕಂಕುಳಿಗೆ ಬದಲಾಯಿಸ್ಕೊಂಡು ಹತ್ತಿ ಹೋದ್ಲು. ಹೆದರಿಕೆ ಅನ್ನೋದೆಲ್ಲ ಅವಳಿಗೆ ಆಸ್ಪತ್ರೆಯಲ್ಲೇ ಖರ್ಚಾಗಿ ಹೋಗಿತ್ತು.

ಆ ಆಸ್ಪತ್ರೆ ವಿಷಯ ಹೇಳದೆ ಕತೆ ಮುಂದೆ ಹೋಗಲ್ಲ. ಹರ್ಷಿಣಿಗೆ ಕ್ಯಾನ್ಸರ್ ಆಯ್ತು. ಎಡಗಡೆ ಮೊಲೆ ತೆಗೆದ್ರು. ಔಷಧಿಗೆ ತಲೆಕೂದಲು ಪೂರ್ತಿ ಉದುರಿ, ಆಮೇಲೆ ಗಂಡುಹುಡುಗರ ಕ್ರಾಪಿನಷ್ಟು ಬಂತು. ನಲವತ್ತು ದಾಟಿದ ಹೆಂಗಸು, ಮದುವೆ ಗಿದುವೆ ಅಂತ ಮಾಡ್ಕೊಂಡೋಳಲ್ಲ, ಒಬ್ಬಳೇ ಇರೋಳು. ಮೈಸೂರಿಗೆ ಬಂದುಬಿಡೇ ಅಂತ ನಾವೆಲ್ಲ ಗೋಗರೆದ್ವಿ. ಕೆಲಸ ಬಿಡಲ್ಲ, ನಾಟಕ ಬಿಡಲ್ಲ, ಬರಲ್ಲ ಅಂದ್ಲು.

ನಾಟಕ ಅಂದ್ರೆ ಅವಳಿಗೆ ಪ್ರಾಣ. ಅವಳ ಆಫೀಸಿನ ಗುಂಪು ವರ್ಷಕ್ಕೊಂದು ನಾಟಕ ಆಡ್ತಿತ್ತು. ಹೋದ ವರ್ಷದ್ದು ಐನೂರು ವರ್ಷ ಹಿಂದಿನ ಇಟಲಿಯ ಕತೆ. ಬರೆದು ಆಡಿಸ್ತಿದ್ದೋನು ಅಜಿತ್, ಅವಳ ಮೇಲಧಿಕಾರಿ. ರಾಣಿ ಪಾತ್ರ ಹರ್ಷಿಣಿಗೆ ಅಂತ ಅವಳು ಕಾಯಿಲೆ ಬೀಳೋಕೆ ಮುಂಚೆಯೇ ಮಾತಾಗಿತ್ತು. ಗುಣವಾಗಿ ವಾಪಸ್ ಬಂದಾಗ ಅಜಿತ್ ಬಾಡಿಗೆ ಅಂಗಡಿಯಿಂದ ಒಂದು ಗೌನು ತರಿಸಿಟ್ಟಿದ್ದ. ಎದೆ ಭಾಗ ಬಟ್ಟಲಿನ ಹಾಗೆ ಉಬ್ಬಿಸಿ ಹೊಲಿದದ್ದು. ಹರ್ಷಿಣಿ ಹಾಕ್ಕೊಂಡ್ಲು. ಎಡಗಡೆ ಬಟ್ಟಲು ಒಳಕ್ಕೆ ಕುಸೀತು.

"ಒಂದು ಪ್ಯಾಡ್ ಇಟ್ಕೊಂಡ್ರೆ ಆಯ್ತಲ್ಲ ಹರ್ಷಿಣಿ," ಅಂದ ಅಜಿತ್. "ಯಾರಿಗೂ ಗೊತ್ತಾಗಲ್ಲ."

"ಗೊತ್ತಾದ್ರೆ ಏನಾಗತ್ತೆ?"

"ಅಲ್ಲ... ರಾಣಿ ಅಲ್ವಾ. ನೋಡೋರಿಗೆ ಒಂಥರಾ..."

"ಪ್ಯಾಡ್ ಇಡಲ್ಲ. ಗೌನು ನಾನೇ ಹೊಲ್ಕೋತೀನಿ."

ಅಜಿತ್ ಗಡುವು ಹಾಕಿದ. ಶನಿವಾರ ಎಲ್ಲರೂ ವೇಷ ಹಾಕಿ ಪೂರ್ತಿ ನಾಟಕ ಒಂದ್ಸಲ ಆಡಿ ನೋಡೋದು. ಅಷ್ಟರೊಳಗೆ ಗೌನು ಆಗದಿದ್ರೆ ಆ ಬಾಡಿಗೆ ಗೌನೂ ರಾಣಿ ಪಾತ್ರವೂ ಬೃಂದಾಗೆ. ಬೃಂದಾ ಅಂದ್ರೆ ಆಫೀಸಿಗೆ ಹೊಸದಾಗಿ ಸೇರಿದ ಹುಡುಗಿ. ಪಾಪ, ಅವಳದ್ದೇನೂ ತಪ್ಪಿಲ್ಲ ಬಿಡಿ.

ಹರ್ಷಿಣಿಗೆ ಬೇಕಿದ್ದದ್ದು ಇಷ್ಟೇ. ಮೈ ಈಗ ಹೇಗಿದೆಯೋ ಹಾಗೇ, ಒಳಗೆ ಸುಳ್ಳು ತುರುಕದೆ, ನಾಲ್ಕು ಜನರ ಮುಂದೆ ಬೆಳಕಲ್ಲಿ ನಿಲ್ಲಬೇಕು. ಈ ಸಲ ಹಿಂದೆ ಸರಿದ್ರೆ ಜೀವಮಾನ ಪೂರ್ತಿ ಹಿಂದೆಯೇ ನಿಲ್ಲಬೇಕಾಗತ್ತೆ ಅಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಹಟಕ್ಕೆ ಬಿದ್ಲು. ಆ ಕಾಲದ ಚಿತ್ರಗಳನ್ನೆಲ್ಲ ಹುಡುಕಿ ಹುಡುಕಿ ನೋಡಿದ್ಲು. ನೋಡಿದ್ರೆ, ಆ ರಾಣಿಯರಿಗೆ ಉಬ್ಬಿದ ಎದೆ ಬೇಕೇ ಇರಲಿಲ್ಲ. ಸೊಂಟದಿಂದ ಮೇಲೆ ಹಲಗೆ ಹಾಗೆ ಬಿಗಿಯಾಗಿ, ಸಪಾಟಾಗಿ ನಿಲ್ಲೋ ಉಡುಪು. ಅದಕ್ಕೆ ಬಾಡಿಸ್ ಅಂತಾರೆ. ಚೌಕ ಕುತ್ತಿಗೆ. ಬೆನ್ನಿನ ಎರಡೂ ಅಂಚಿಗೆ ಸಾಲಾಗಿ ತೂತು, ಅದರಲ್ಲಿ ದಾರ ಪೋಣಿಸಿ ಎಳೆದು ಕಟ್ಟೋದು. ಸೊಂಟದ ಕೆಳಗೆ ನೆರಿಗೆ ನೆರಿಗೆಯಾಗಿ ನೆಲ ಮುಟ್ಟೋ ಲಂಗ. ಯೂಟ್ಯೂಬಿನಲ್ಲಿ ಯಾವ್ಯಾವುದೋ ದೇಶದ ಹೆಂಗಸರು ಮನೇಲೇ ಕೂತು ಇಂಥದ್ದನ್ನ ಹೊಲೀತಾರಂತೆ, ಅವರನ್ನ ನೋಡಿ ಕಲಿತ್ಲು. ನ್ಯೂಸ್ ಪೇಪರ್ ಅಂಟಿಸಿ ಅಳತೆ ಕತ್ತರಿಸಿದ್ಲು. ಬಲಗಡೆ ತುಂಡು ಅಗಲ, ಎಡಗಡೆ ತುಂಡು ಕಿರಿದು. ಲೈನಿಂಗಿಗೆ ನಮ್ಮ ದೊಡ್ಡಪ್ಪನ ಹಳೇ ಪಂಚೆ. ಬಾಡಿಸ್ ಸೆಟೆದು ನಿಲ್ಲಬೇಕಾದ್ರೆ ಒಳಗೆ ಉದ್ದುದ್ದ ಕಡ್ಡಿ ತೂರಿಸಬೇಕು. ಅದಕ್ಕೆ ಏನು ಮಾಡಿದ್ಲು ಗೊತ್ತಾ? ಹೊಸ ತೆಂಗಿನ ಪೊರಕೆ ತಂದು ಕಟ್ಟು ಬಿಚ್ಚಿದ್ಲು.

ಜಯಲಕ್ಷ್ಮೀ ಮಾಮಿ ಮೆಟ್ಟಿಲ ಮೇಲೆ ನಿಂತು ಇದನ್ನ ನೋಡಿ ಬಾಯಿ ಮೇಲೆ ಕೈ ಇಟ್ಕೊಂಡ್ರು. ಮಾಮಿ ಮನೆತನ ತಲೆತಲಾಂತರದಿಂದ ಮದ್ರಾಸಿನದ್ದು, ಮಾಧ್ವರು. ಮನೆಮಾತು ಕನ್ನಡ ಅಂತ ಹೆಸರಿಗೆ, ನಡುನಡುವೆ ತಮಿಳು ಬಂದೇ ಬರತ್ತೆ.

"ಪೊರಕೆ ಕಡ್ಡಿನ ಎದೆಗೆ ಕಟ್ಕೋತೀಯಾ? ಎದುಕ್ಕಮ್ಮಾ ಇದೆಲ್ಲ?"

"ಹೊಸ ಪೊರಕೆ ಮಾಮಿ. ಕಸ ಮುಟ್ಟಿಲ್ಲ."

"ಅದಿರಲಿ... ದೀಪ ಹಚ್ಚಿದ ಮೇಲೆ ಈ ಮನೇಲಿ ಸೂಜಿ ಹಿಡೀಬೇಡ. ಹೇಳಿದ್ದು ಕೇಳು." ಅಷ್ಟು ಹೇಳೋವಾಗ ಮಾಮಿ ದನಿ ತಗ್ಗಿತು. ಕಣ್ಣು ಬಾವಿ ಕಡೆ ಹೋಗಿ ಬಂತು.

ಹಗಲೆಲ್ಲ ಆಫೀಸು. ರಾತ್ರಿ ಬಿಟ್ಟರೆ ಯಾವಾಗ ಹೊಲಿಯೋದು? ಹರ್ಷಿಣಿ ಹೂಂ ಅಂದು ತಲೆ ಆಡಿಸಿ, ಮಾಮಿ ಇಳಿದು ಹೋಗ್ತಿದ್ದ ಹಾಗೇ ಹೊಲಿಗೆ ಮೆಷಿನ್ ಮುಂದೆ ಕೂತ್ಲು.

ಬೆಳಿಗ್ಗೆ ಎದ್ದು ನೋಡ್ತಾಳೆ... ಬಾಡಿಸಿನ ಎಡಗಡೆ ಹೊಲಿಗೆ ಬಿಚ್ಚಿದೆ. ಹರಿದದ್ದಲ್ಲ, ಬಿಚ್ಚಿದ್ದು. ದಾರ ಒಂದೇ ಎಳೆಯಾಗಿ ತೆಗೆದು, ಉಂಗುರದ ಹಾಗೆ ಸುತ್ತಿ ಪಕ್ಕದಲ್ಲಿ ಇಟ್ಟಿದೆ. ಬಲಗಡೆ ಹೊಲಿದ ಹಾಗೇ ಗಟ್ಟಿಯಾಗಿದೆ.

ನಿದ್ದೆಗಣ್ಣಲ್ಲಿ ನಾನೇ ಏನೋ ಮಾಡಿರಬೇಕು ಅಂದುಕೊಂಡು ಮತ್ತೆ ಹೊಲಿದ್ಲು. ಮಾರನೇ ಬೆಳಿಗ್ಗೆ ಮತ್ತೆ ಅದೇ. ಎಡಗಡೆ ಮಾತ್ರ. ಅವತ್ತು ರಾತ್ರಿ ಮೆಷಿನ್ ಬಿಟ್ಟು ಕೈಯಲ್ಲೇ ಎರಡೆಳೆ ದಾರದಲ್ಲಿ ಹೊಲಿದು, ಬಾಗಿಲ ಅಗುಳಿ ಹಾಕಿ, ಬಾಡಿಸನ್ನ ಪಕ್ಕದಲ್ಲೇ ಇಟ್ಕೊಂಡು ಅದರ ಮೇಲೆ ಕೈ ಹಾಕಿ ಮಲಗಿದ್ಲು.

ನಿದ್ದೆಯಲ್ಲಿ ಸದ್ದು. ಟಕ್... ಟಕ್... ಹಲ್ಲಿಂದ ದಾರ ಕಡಿಯೋ ಸದ್ದು. ಆಮೇಲೆ ಸರ್ರ್... ಅಂತ ದಾರ ಬಟ್ಟೆಯಿಂದ ಜಾರಿ ಹೊರಗೆ ಬರೋದು. ಕಿವಿ ಪಕ್ಕದಲ್ಲೇ. ಎದ್ದು ದೀಪ ಹಾಕಿದ್ರೆ ಯಾರೂ ಇಲ್ಲ. ಅಗುಳಿ ಹಾಕಿದ ಹಾಗೇ ಇದೆ. ಬಾಡಿಸು ಮಾತ್ರ ಮಂಚದ ಮೇಲಿಲ್ಲ... ಮೆಷಿನ್ ಮೇಲೆ ಅಚ್ಚುಕಟ್ಟಾಗಿ ಹಾಸಿದೆ.

ಬೆಳಿಗ್ಗೆ ಸೀದಾ ಕೆಳಗಿಳಿದ್ಲು. "ಮಾಮಿ, ಬಾವೀಲಿ ಸತ್ತದ್ದು ಯಾರು?"

ಮಾಮಿ ಕೈಲಿದ್ದ ಕಾಫಿ ಡಬರಾ ಕೆಳಗಿಟ್ರು. ಇವಳನ್ನ ಒಳಗೆ ಕರೆದು ಬಾಗಿಲು ಮುಂದೆ ಮಾಡಿ ಪಿಸುಗುಟ್ಟಿದ್ರು.

"ಸಣ್ಣಮ್ಮ. ನಮ್ಮ ಮಾವನವರ ಸೋದರತ್ತೆ. ಮದುವೆ ಆದ ವರ್ಷವೇ ಗಂಡ ಹೋದ. ತಲೆ ಬೋಳಿಸಿ, ಕೆಂಪು ಸೀರೆ ಉಡಿಸಿ, ಮಡಿ ಅಂತ ಕೂರಿಸಿದ್ರು. ರವಿಕೆ ಹಾಕೋ ಹಾಗಿಲ್ಲ. ಆ ಕಾಲ ಹಾಗಿತ್ತು."

"ಬಾವಿಗೆ ಹೇಗೆ ಬಿದ್ರು?"

"ಪಾವಂ, ಹೊಲಿಗೆಯಲ್ಲಿ ಭಾಳ ಜಾಣೆಯಂತೆ. ಆಗ ಪೆರಂಬೂರು ತುಂಬ ರೈಲ್ವೆ ಕೆಲಸದ ಆಂಗ್ಲೋ ಇಂಡಿಯನ್ ಜನ. ಅವರ ಹೆಂಗಸರಿಗೆ ಗೌನು ಹೊಲಿದು ಕೊಡ್ತಿದ್ರಂತೆ. ಮನೇಲಿ ಒಲೆ ಉರೀತಿದ್ದದ್ದೇ ಅದರಿಂದ. ಆದ್ರೆ ಹೊಲಿದ ಬಟ್ಟೆ ಮುಟ್ಟಿದ್ರೆ ಮಡಿ ಕೆಡತ್ತಲ್ಲ... ಅದಕ್ಕೆ ಎಲ್ಲರೂ ಮಲಗಿದ ಮೇಲೆ ಮಹಡೀಲಿ ಕೂತು ಹೊಲಿಯೋದು. ಬೆಳಗಾಗೋ ಮುಂಚೆ ಬಾವಿ ಹತ್ರ ತಲೆ ಮೇಲೆ ನೀರು ಸುರ್ಕೊಂಡು, ಮತ್ತೆ ಮಡಿಯಾಗಿ ಅಡುಗೆಗೆ ಹೋಗೋದು. ಒಂದು ದಿನ ಕತ್ತಲಲ್ಲಿ ಕಾಲು ಜಾರ್ತು."

"ಮಹಡೀಲಿ ಅಂದ್ರೆ..."

"ನಿನ್ನ ರೂಮೇ." ಮಾಮಿ ಕಣ್ಣು ತಪ್ಪಿಸಿದ್ರು. "ಆಮೇಲೆ ಒಂದ್ಸಲ ನಮ್ಮ ಅತ್ತೆ ರವಿಕೆ ತೋಳು ಹೊಲಿದಿಟ್ರೆ ಬೆಳಿಗ್ಗೆಗೆ ಪೂರ್ತಿ ಬಿಚ್ಚಿತ್ತಂತೆ. ಸಣ್ಣಮ್ಮನ ಮಡಿ ಇನ್ನೂ ಮುಗಿದಿಲ್ಲ, ಹೊಲಿದ ಬಟ್ಟೆ ಕಂಡ್ರೆ ಅವಳಿಗೆ ಆಗಲ್ಲ ಅಂದ್ರು. ನಾನು ಸೊಸೆಯಾಗಿ ಬಂದಾಗಿನಿಂದ ಈ ಮನೇಲಿ ಒಂದು ಗುಂಡಿ ಕೂಡ ಹೊಲಿದಿಲ್ಲ. ಹುಕ್ಕು ಕಿತ್ತರೂ ಟೈಲರ್ ಹತ್ರ ಕಳಿಸೋದು. ನೀನೂ ಹೊರಗೆ ಕೊಟ್ಟುಬಿಡು ಕಣ್ಣಾ."

"ಹೊಲಿದ ಬಟ್ಟೆ ಆಗಲ್ಲ ಅಂದ್ರೆ ಬಲಗಡೆ ಯಾಕೆ ಬಿಚ್ಚಲಿಲ್ಲ?"

ಮಾಮಿ ಕಾಫಿ ಡಬರಾ ಕೈಗೆತ್ತಿಕೊಂಡ್ರು.

"ನಿಮ್ಮ ಅತ್ತೆ ಹೊಲಿಗೆ ಹೇಗಿತ್ತು ಮಾಮಿ?"

"ಅದನ್ನ ಮಾತ್ರ ಕೇಳಬೇಡ," ಅಂದ್ರು ಮಾಮಿ.

ಹೊರಗೆ ಕೊಡೋದು ಅಂದ್ರೆ ಏನು ಅಂತ ಹರ್ಷಿಣಿಗೆ ಗೊತ್ತಿತ್ತು. ಆಪರೇಷನ್ ಆದ ಮೇಲೆ ಒಂದ್ಸಲ ರವಿಕೆ ಹೊಲಿಸೋಕೆ ಹೋಗಿದ್ಲು. ಟೇಪು ಹಿಡಿದ ಹೆಂಗಸಿನ ಕೈ ಎಡಗಡೆ ಬಂದು ಗಕ್ಕಂತ ನಿಂತದ್ದು, ಅವಳು ಲೊಚಗುಟ್ಟಿದ್ದು, ಆಮೇಲೆ ಒಳಗಿನಿಂದ ಇನ್ನೊಬ್ಬಳನ್ನ ಕರೆದು ತೋರಿಸಿದ್ದು... ಅದು ಮತ್ತೆ ಬೇಡ. ಅವತ್ತು ರಾತ್ರಿ ಸೂಜಿ ಹಿಡಿದು ಮತ್ತೆ ಹೊಲಿದ್ಲು.

ಈ ಸಲ ಬೆಳಿಗ್ಗೆ ನೋಡಿದ್ರೆ ಬರೀ ಬಿಚ್ಚಿರಲಿಲ್ಲ. ಒಳಗೆ ಮಡಿಸಿಟ್ಟಿದ್ದ ಹೆಚ್ಚಿನ ಬಟ್ಟೆನ ಹೊರಗೆ ಬಿಡಿಸಿ, ಎಡಗಡೆನೂ ಬಲಗಡೆಯಷ್ಟೇ ಅಗಲ ಮಾಡಿ, ಕಚ್ಚಾ ಹೊಲಿಗೆ ಹಾಕಿಟ್ಟಿತ್ತು. ಇಲ್ಲದ ಮೊಲೆಗೆ ಅಂತ ಜಾಗ ಬಿಟ್ಟು.

ಹರ್ಷಿಣಿ ಅದನ್ನ ಹಿಡ್ಕೊಂಡು ಮಂಚದ ಮೇಲೆ ಕುಸಿದು ಕೂತ್ಲು. ಅಷ್ಟು ದಿನ ಬಾರದ ಅಳು ಆಗ ಬಂತು. ಅಜಿತ್ ಹೇಳಿದ್ದನ್ನೇ ಈಗ ದೆವ್ವನೂ ಹೇಳ್ತಿದೆ ನೋಡಿ. ತುಂಬಿಸ್ಕೋ, ಮುಚ್ಚಿಕೋ, ಸರಿ ಮಾಡ್ಕೋ. ಅತ್ತು, ಮುಖ ತೊಳ್ಕೊಂಡು, ಆ ಕಚ್ಚಾ ಹೊಲಿಗೆನ ಒಂದೊಂದಾಗಿ ಕಿತ್ತು ಹಾಕಿ ಆಫೀಸಿಗೆ ಹೋದ್ಲು.

ಅವತ್ತು ಶುಕ್ರವಾರ. ಉಳಿದದ್ದು ಅದೊಂದೇ ರಾತ್ರಿ. ಎಡಗಡೆನ ಮತ್ತೆ ತನ್ನ ಅಳತೆಗೇ ಹೊಲಿದು, ಬಾಡಿಸನ್ನ ಮೆಷಿನ್ ಮೇಲಿಟ್ಟು, ದೀಪ ಆರಿಸಿ, ಮಂಚದ ಮೇಲೆ ಕಣ್ಣು ಬಿಟ್ಕೊಂಡೇ ಕೂತ್ಲು.

ಎಷ್ಟು ಹೊತ್ತು ಕೂತಿದ್ಲೋ...

ಕಿರ್ರ್... ಕಿರ್ರ್...

ಆಮೇಲೆ ಮೆಟ್ಟಿಲ ಮೇಲೆ ಒದ್ದೆ ಕಾಲು. ಪಚ್... ಪಚ್... ಪಚ್... ಬಾಗಿಲ ಹತ್ರ ಬಂತು. ಅಗುಳಿ ಅಲುಗಲಿಲ್ಲ. ಆದ್ರೂ ಮುಂದಿನ ಹೆಜ್ಜೆ ರೂಮಿನ ಒಳಗೆ ಕೇಳಿಸ್ತು. ಪಾಚಿ ವಾಸನೆ. ಮೆಷಿನ್ ಮುಂದಿನ ಕುರ್ಚಿ ಕಿರುಗುಟ್ಟಿತು.

ಕಿಟಕಿಯಿಂದ ಬೀದಿ ದೀಪದ ಬೆಳಕು ಸ್ವಲ್ಪ ಬರ್ತಿತ್ತು. ತಲೆ ತುಂಬ ಹೊದ್ದ ಕೆಂಪು ಸೆರಗು... ಬಗ್ಗಿದ ಬೆನ್ನು. ಬೆನ್ನ ಮೇಲೆ ಸೆರಗು ಸರಿದ ಕಡೆ ಬರೀ ಮೈ. ಟಕ್... ಅಂತ ದಾರ ಕಡೀತು.

ಹೆದರಿಕೆ ಇರಲಿಲ್ಲ ಅಂತ ನಾನು ಹೇಳಲ್ಲ. ಇತ್ತು. ಅವಳೇ ಹೇಳಿದ್ದಾಳೆ, ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿಕೊಂಡಿತ್ತಂತೆ. ಆದ್ರೆ ಸಿಟ್ಟು ಅದಕ್ಕಿಂತ ಜಾಸ್ತಿ ಇತ್ತು.

"ಬಿಚ್ಚಬೇಡಿ," ಅಂದ್ಲು.

ಕೈ ನಿಂತಿತು.

"ತಪ್ಪಾಗಿದೆ..." ಸಣ್ಣ ದನಿ. ಆಳದಿಂದ ಬಂದ ಹಾಗೆ. "ಎಡಗಡೆ ಇಕ್ಕಟ್ಟು. ಎದೆಗೆ ಜಾಗ ಬಿಟ್ಟಿಲ್ಲ."

"ತಪ್ಪಲ್ಲ. ಅಳತೆನೇ ಅದು."

"ಯಾರ ಅಳತೆ?"

"ನಂದು."

"ಇಂಥ ಅಳತೆ ಇರಲ್ಲ."

ಹರ್ಷಿಣಿಗೆ ಸಿಟ್ಟು ನೆತ್ತಿಗೇರ್ತು. ಎದ್ದು ನಿಂತು ನೈಟಿಯನ್ನ ತಲೆ ಮೇಲಿಂದ ತೆಗೆದು ಮಂಚದ ಮೇಲೆ ಎಸೆದ್ಲು. ಆಸ್ಪತ್ರೆಯವರು ಬಿಟ್ರೆ ಆ ಎದೆನ ಯಾರೂ ನೋಡಿರಲಿಲ್ಲ. ಕನ್ನಡಿಗೂ ಅವಳು ಬೆನ್ನು ಹಾಕೇ ಬಟ್ಟೆ ಬದಲಾಯಿಸ್ತಿದ್ದದ್ದು.

"ಇರತ್ತೆ. ನೋಡಿ. ಬೇಕಾದ್ರೆ ಮುಟ್ಟಿ ಅಳತೆ ತಗೊಳ್ಳಿ. ಆಮೇಲೆ ತಪ್ಪು ಅಂತ ಹೇಳಿ."

ಪಚ್... ಪಚ್... ಹತ್ತಿರ ಬಂತು. ಸೆರಗಿನ ನೆರಳಲ್ಲಿ ಮುಖ ಕಾಣಲಿಲ್ಲ. ಕಂಕುಳಿಂದ ಎದೆ ನಡುವಿನ ತನಕ ಇದ್ದ ಹೊಲಿಗೆ ಗುರುತಿನ ಮೇಲೆ ಒಂದು ತಣ್ಣನೆ ಬೆರಳು ಬಿತ್ತು. ತುದಿ ಒರಟಾಗಿತ್ತು, ಸೂಜಿ ಚುಚ್ಚಿ ಚುಚ್ಚಿ ಒರಟಾದ ಬೆರಳು. ಆದ್ರೆ ಅಜ್ಜಿ ಕೈ ಅಲ್ಲ ಅದು. ತನಗಿಂತ ಚಿಕ್ಕ ವಯಸ್ಸಿನ ಹೆಂಗಸಿನ ಕೈ ಅಂತ ಹರ್ಷಿಣಿಗೆ ಆಗ ಗೊತ್ತಾಯ್ತು.

ಬೆರಳು ಗುರುತಿನ ಈ ತುದಿಯಿಂದ ಆ ತುದಿಗೆ ಮೆಲ್ಲಗೆ ಹೋಯ್ತು.

"ಇದನ್ನ ಯಾರು ಹೊಲಿದ್ರು?"

"ಡಾಕ್ಟರು."

"ನೀಟಾಗಿ ಹೊಲಿದಿದ್ದಾರೆ."

ಹರ್ಷಿಣಿಗೆ ನಗು ಬಂದುಬಿಡ್ತಂತೆ, ಅಂಥ ಹೊತ್ತಲ್ಲೂ. ಕೈ ಮೇಲೆ ಬಂತು. ಕತ್ತು ದಾಟಿ ತಲೆ ಮುಟ್ಟಿತು, ಮೋಟುಗೂದಲು ಸವರಿತು.

"ತಲೆನೂ ಬೋಳಿಸಿದ್ರಾ?"

"ಉದುರಿ ಹೋಗಿತ್ತು. ಈಗ ಮತ್ತೆ ಬರ್ತಿದೆ."

ತೊಟ್... ತೊಟ್... ನೀರು ನೆಲಕ್ಕೆ ಬೀಳ್ತಿತ್ತು.

"ನಂಗೆ ಬರೋಕೆ ಬಿಡಲಿಲ್ಲ."

"ಅದು ಅವರ ತಪ್ಪು ಸಣ್ಣಮ್ಮ," ಅಂದ್ಲು ಹರ್ಷಿಣಿ. "ನಿಮ್ಮದಲ್ಲ."

ಆಮೇಲೆ, "ತಿರುಗು," ಅಂತು ದನಿ. ಹೆಬ್ಬೆರಳು, ಕಿರುಬೆರಳು ಚಾಚಿ ಗೇಣು ಹಾಕ್ತಾ ಬೆನ್ನು ಅಳೀತು, ಪಕ್ಕೆ ಅಳೀತು, ಎಡಗಡೆ ಎರಡು ಸಲ ಅಳೀತು. "ಮಲಕೋ. ನಾನು ಹೊಲೀತೀನಿ."

"ಮಲಗಲ್ಲ. ಎಡಗಡೆ ನೀವು ಹೊಲೀರಿ. ಬೆನ್ನಿನ ತೂತುಗಳು ಬಾಕಿ ಇವೆ, ಅದು ನಾನು."

ಹಾಗೇ ಕೂತು ಇಬ್ಬರೂ ಹೊಲಿದ್ರು. ದೀಪ ಹಾಕಲಿಲ್ಲ. ಸೂಜಿ ದಪ್ಪ ಬಟ್ಟೆ ಹೊಕ್ಕೋ ಸದ್ದು... ಪುಸ್... ಪುಸ್... ಒಮ್ಮೆ ಆ ಕಡೆಯಿಂದ, ಒಮ್ಮೆ ಈ ಕಡೆಯಿಂದ. ಬೆಳಗಿನ ಜಾವ ಕುರ್ಚಿ ಕಿರುಗುಟ್ಟಿತು. ಹೆಜ್ಜೆ ಬಾಗಿಲ ಕಡೆ ಹೋಯ್ತು, ಮೆಟ್ಟಿಲು ಇಳೀತು, ಬಾವಿ ಕಡೆ ತಿರುಗಿತು. ರಾಟೆ ಕಿರ್ರ್ ಅಂತ ಒಂದೇ ಸಲ ಅಂದಿತ್ತು... ಹರ್ಷಿಣಿ ಕಿಟಕಿಗೆ ಬಂದು ಕೂಗಿದ್ಲು.

"ಸ್ನಾನ ಬೇಡ ಸಣ್ಣಮ್ಮ. ನಿಮಗೆ ಯಾವ ಮೈಲಿಗೆನೂ ಆಗಿಲ್ಲ."

ರಾಟೆ ನಿಂತಿತು. ಆಮೇಲೆ ನೀರು ಬಿದ್ದ ಸದ್ದು ಕೇಳಲಿಲ್ಲ. ಅವತ್ತಿನಿಂದ ಇವತ್ತಿನವರೆಗೂ ಆ ಮನೇಲಿ ಯಾರೂ ಅದನ್ನ ಕೇಳಿಲ್ಲ.

ಕೂಗಿದ್ದು ಕೇಳಿ ಜಯಲಕ್ಷ್ಮೀ ಮಾಮಿ ಎದ್ದು ಮೇಲೆ ಬಂದ್ರು. ಹರ್ಷಿಣಿ ಬಾಡಿಸನ್ನ ಅವರ ಕೈಗೆ ಕೊಟ್ಲು. ಎಡಗಡೆ ಸಾಸಿವೆ ಕಾಳಿನಷ್ಟು ಸಣ್ಣ ಹೊಲಿಗೆ, ಒಂದೂ ಸೊಟ್ಟ ಇಲ್ಲ. ಅಗಲ ಮಾಡಿರಲಿಲ್ಲ. ಹರ್ಷಿಣಿಯ ಅಳತೆಗೆ ಸರಿಯಾಗಿ, ಕಿರಿದಾಗಿಯೇ ಇತ್ತು.

"ಹೊಲಿದ ಬಟ್ಟೆ ಅವರಿಗೆ ಆಗ್ತಿರಲಿಲ್ಲ ಅಂತ ಯಾರು ಹೇಳಿದ್ದು ನಿಮಗೆ?" ಅಂದ್ಲು ಹರ್ಷಿಣಿ. "ಕೆಟ್ಟದಾಗಿ ಹೊಲಿದದ್ದು ಆಗ್ತಿರಲಿಲ್ಲ ಮಾಮಿ, ಅಷ್ಟೇ. ಅವರು ಹೊಲಿದದ್ದರಲ್ಲಿ ಮನೆಮಂದಿಯೆಲ್ಲ ಊಟ ಮಾಡಿದ್ರಿ. ಅವರಿಗೊಂದು ರವಿಕೆ ಕೊಡಲಿಲ್ಲ."

ಮಾಮಿ ಆ ಹೊಲಿಗೆ ಮೇಲೆ ಬೆರಳಾಡಿಸ್ತಾ ನಿಂತ್ರು. ಕಣ್ಣಲ್ಲಿ ನೀರಿತ್ತು.

ಬೆನ್ನಿನ ದಾರ ಒಬ್ಬಳೇ ಕಟ್ಟಿಕೊಳ್ಳೋಕೆ ಆಗಲ್ಲ. ಮಾಮಿನೇ ಕಟ್ಟಿದ್ರು. ಸ್ನಾನ ಮಾಡಿ ಮಡಿಯುಟ್ಟ ಮಾಮಿ, ಹೊಲಿದ ಬಟ್ಟೆ ಮುಟ್ಟಿ, ಒಂದೊಂದು ತೂತಿಗೂ ದಾರ ಪೋಣಿಸಿ ಎಳೆದ್ರು. "ಉಸಿರು ಬಿಡು... ಇನ್ನೂ ಬಿಡು..." ಎಷ್ಟು ಎಳೆದ್ರೂ ಎರಡು ಅಂಚಿನ ಮಧ್ಯೆ ನಾಲ್ಕು ಬೆರಳು ಸಂದು ಉಳೀತು. ಬರೀ ಮೈಮೇಲೆ ಅಳತೆ ತಗೊಂಡಿದ್ಲು, ಒಳಗೆ ಪಂಚೆಯ ಲೈನಿಂಗು, ಪೊರಕೆ ಕಡ್ಡಿ ಸೇರಿ ದಪ್ಪ ಆಗಿತ್ತಲ್ಲ, ಇನ್ನೇನಾಗತ್ತೆ. ಇರಲಿ ಬಿಡಿ ಮಾಮಿ, ಹೀಗಿದ್ರೂ ಚೆನ್ನಾಗಿರತ್ತೆ ಅಂದ್ಲು.

ಆ ಗೌನು ಹಾಕ್ಕೊಂಡೇ ಆಟೋ ಹತ್ತಿದ್ಲು ನಮ್ಮ ಹುಡುಗಿ. ಪೆರಂಬೂರು ಬೀದಿಗೆ ಬೀದಿಯೇ ಬಾಯಿ ಬಿಟ್ಕೊಂಡು ನೋಡ್ತು. ಇವಳು ಕತ್ತು ಎತ್ತಿಕೊಂಡೇ ಕೂತಿದ್ಲು. ಪೊರಕೆ ಕಡ್ಡಿ ಬಗ್ಗೋಕೆ ಬಿಡಬೇಕಲ್ಲ.

ಆಫೀಸಿನ ಹಾಲ್‌ನಲ್ಲಿ ದೀಪ ಹಾಕಿದ್ರು. ಹರ್ಷಿಣಿ ನಡುಮಧ್ಯೆ ಬಂದು ನಿಂತ್ಲು. ಎದೆ ಸಪಾಟು. ಎಡಗಡೆ ಬಲಗಡೆಗಿಂತ ಸಪಾಟು. ಮುಚ್ಚಿರಲಿಲ್ಲ, ತುಂಬಿರಲಿಲ್ಲ. ಅಜಿತ್ ಕೆಳಗಿನಿಂದ ನೋಡ್ತಾ, "ಪ್ಯಾಡು..." ಅಂತ ಶುರು ಮಾಡಿದ.

"ಇಲ್ಲ," ಅಂದ್ಲು. "ನಾನು ಇರೋದೇ ಹೀಗೆ. ರಾಣಿನೂ ಇರೋದು ಹೀಗೇ. ಮೊದಲನೇ ದೃಶ್ಯ ಶುರು ಮಾಡೋಣ್ವಾ?"

ಮೊದಲು ಚಪ್ಪಾಳೆ ತಟ್ಟಿದ್ದು ಬೃಂದಾ. ಮುಂದಿನ ವಾರ ನಾಟಕ ಆಯ್ತು, ರಾಣಿ ಹರ್ಷಿಣಿನೇ. ನಾನು ಮೈಸೂರಿಂದ ಹೋಗಿದ್ದೆ. ಮೂರನೇ ಸಾಲಲ್ಲಿ ಕೂತು ಅತ್ತಿದ್ದೀನಿ, ಅದನ್ನ ಹೇಳೋಕೆ ನಂಗೇನೂ ನಾಚಿಕೆ ಇಲ್ಲ.

ನಾಟಕ ಮುಗಿದು ಮನೆಗೆ ಬಂದ್ವಿ. ಬೆನ್ನಿನ ದಾರ ಬಿಚ್ಚಿ, ಪೂರ್ತಿ ಹೊರಗೆ ಎಳೆದು, ಸುತ್ತಿ ಮೇಜಿನ ಮೇಲಿಟ್ಟದ್ದು ನಾನೇ. ಗೌನನ್ನ ಕಪಾಟಿನಲ್ಲಿ ನೇತು ಹಾಕಿದ್ದೂ ನಾನೇ. ಹರ್ಷಿಣಿ ಕಪಾಟಿನ ಬಾಗಿಲು ಹಾಕೋಕೆ ಬಿಡಲಿಲ್ಲ. ಯಾಕೆ ಅಂದೆ. ಇರಲಿ ಬಿಡೇ ಅಂದ್ಲು. ಇಬ್ಬರೂ ಒಂದೇ ಮಂಚದ ಮೇಲೆ ಮಲಗಿದ್ವಿ.

ಬೆಳಿಗ್ಗೆ ನಾನೇ ಮೊದಲು ಎದ್ದದ್ದು. ಅವಳಿನ್ನೂ ಗೊರಕೆ ಹೊಡೀತಿದ್ಲು. ಗೌನು ನೇತು ಹಾಕಿದ ಕಡೆಯೇ ಇತ್ತು. ಮೇಜಿನ ಮೇಲೆ ದಾರ ಇರಲಿಲ್ಲ. ಗೌನಿನ ಬೆನ್ನಲ್ಲಿತ್ತು, ಕೆಳಗಿನಿಂದ ಮೇಲಿನವರೆಗೆ ಒಂದು ತೂತೂ ಬಿಡದೆ ಪೋಣಿಸಿ, ಮೇಲೆ ಗಂಟು ಹಾಕಿ. ಕೈಯಿಟ್ಟು ನೋಡಿದೆ. ಒಳಗಿನ ಪಂಚೆ ಇನ್ನೂ ತಣ್ಣಗೆ ಒದ್ದೆ, ಯಾರೋ ಒದ್ದೆ ಮೈಗೆ ತೊಟ್ಟ ಹಾಗೆ. ನೀವು ನಂಬಿ, ಬಿಡಿ, ನಾನು ಈ ಎರಡು ಕೈಯಾರೆ ಮುಟ್ಟಿದ್ದೀನಿ. ಹರ್ಷಿಣಿ ಬೆನ್ನ ಮೇಲೆ ನಾಲ್ಕು ಬೆರಳು ಸಂದು ಬಿಟ್ಟಿದ್ದ ಆ ಎರಡು ಅಂಚು ಒಂದಕ್ಕೊಂದು ತಾಗಿತ್ತು. ನಡುವೆ ಒಂದು ಬೆರಳು ತೂರಿಸೋಕೂ ಸಂದು ಇರಲಿಲ್ಲ.